ಹಾನಗಲ್ಲಿನ ಬ್ಯಾಟರಿ ಅಕ್ಕ

ಹನ್ನೆರಡು ದಿನ ಊರಲ್ಲಿರಲಿಲ್ಲ. ಬೆಳಗಾವಿಯ ತಂಗಿಯ ಮನೆಯಿಂದ ಸವಣೂರಿಗೆ ಮರಳಿದ ಮರುದಿನ ಬೆಳಿಗ್ಗೆ, ಅಂಗಳದಲ್ಲಿ ನಿಂತಿದ್ದ ಕಾರಿನ ಬಾನೆಟ್ ಎತ್ತಿದೆ. ಸಣ್ಣದೊಂದು ಹುಳಿ ವಾಸನೆ ಮೂಗಿಗೆ ತಾಗಿತು. ಲಿಂಬೆ ಉಪ್ಪಿನಕಾಯಿಯ ಭರಣಿಯನ್ನು ಬಹಳ ದಿನದ ಮೇಲೆ ತೆರೆದಾಗ ಬರುತ್ತದಲ್ಲ, ಹಾಗೆ. ಆದರೆ ಅದರೊಳಗೆ ಲೋಹದ ಒಂದು ಚುರುಕು. ಬ್ಯಾಟರಿಯ ಪ್ಲಸ್ ತುದಿಯಲ್ಲಿ ಹಸಿರು ಬೆರೆತ ಬಿಳಿ ಪುಡಿ ಕಟ್ಟಿತ್ತು. ಪಕ್ಕದಲ್ಲಿ, ಬೆಳಗಾವಿಗೆ ಹೋಗುವ ಮುನ್ನ ನಾನೇ ಬಿಚ್ಚಿ ಬಟ್ಟೆ ಸುತ್ತಿಟ್ಟಿದ್ದ ಮೈನಸ್ ವಾಯರು. ಪುಡಿ ತೊಳೆಯಲು ಬಿಸಿನೀರು ತರಬೇಕಿತ್ತು. ತರಲಿಲ್ಲ, ಸ್ವಲ್ಪ ಹೊತ್ತು ಹಾಗೇ ನಿಂತೆ... ಆ ವಾಸನೆ ನನ್ನ ಪಾಲಿಗೆ ಒಬ್ಬರದ್ದು. ಅವರ ಸೆರಗಿಗೆ, ಅವರ ಅಂಗಡಿಯ ಬಾಗಿಲಿಗೆ, ಅವರು ಕೊಡುತ್ತಿದ್ದ ಚಹಾದ ಲೋಟಕ್ಕೂ ಅದು ಅಂಟಿಕೊಂಡಿರುತ್ತಿತ್ತು.

ಹಾನಗಲ್ಲಿನಲ್ಲಿ ಎಲ್ಲರೂ ಅವರನ್ನು ಬ್ಯಾಟರಿ ಅಕ್ಕ ಎನ್ನುತ್ತಿದ್ದರು. ನಾನೂ ಹಾಗೆಯೇ ಕರೆದೆ.

ಆಗ ನಾನು ಹಾನಗಲ್ ತಾಲೂಕಿಗೆ ಹೊಸದಾಗಿ ಬಂದ ಪಶುವೈದ್ಯೆ. ಸವಣೂರಿನ ಮಠದ ಓಣಿಯ ಆಚಾರ್ಯರ ಮನೆಯ ಹುಡುಗಿ ಎಮ್ಮೆಯ ಬಾಯಿಗೆ ಕೈ ಹಾಕುತ್ತಾಳೆಂದು ನಮ್ಮ ಬಂಧುಗಳಿಗೆ ಇನ್ನೂ ನಂಬಿಕೆ ಬಂದಿರಲಿಲ್ಲ. ಯಾರೋ ಬಳಸಿ ಬಿಟ್ಟ ಒಂದು ಸಣ್ಣ ಕಾರು ಕೊಂಡಿದ್ದೆ. ಅದರಲ್ಲಿ ಲಸಿಕೆಗಳನ್ನು ತಣ್ಣಗಿಡುವ ಒಂದು ಪೆಟ್ಟಿಗೆ. ಐಸ್ ತುಂಬುವ ಹಳೆಯ ಪೆಟ್ಟಿಗೆ ಬೇಸಿಗೆಯಲ್ಲಿ ಮಧ್ಯಾಹ್ನದವರೆಗೂ ತಡೆಯುತ್ತಿರಲಿಲ್ಲ. ಇದು ಕಾರಿನ ಕರೆಂಟಿನಲ್ಲೇ ನಡೆಯುವಂಥದ್ದು. ಅದನ್ನು ತಂದ ಮೇಲೆ ನನಗೆ ಸಣ್ಣ ಜಂಬವೂ ಬಂದಿತ್ತು.

ಆ ದಿನ ಆಡೂರಿನ ಆಚೆಯ ಒಂದು ಹಳ್ಳಿಯಲ್ಲಿ ಕಾಲುಬಾಯಿ ರೋಗದ ಲಸಿಕೆಯ ಶಿಬಿರ. ಬೆಳಿಗ್ಗೆ ಎಂಟಕ್ಕೆ ಹುಣಸೆಮರದ ಕೆಳಗೆ ಕಾರು ನಿಲ್ಲಿಸಿ, ಎಂಜಿನ್ ಬಂದ್ ಮಾಡಿ, ಪೆಟ್ಟಿಗೆಯ ವಾಯರು ಮಾತ್ರ ಸಿಕ್ಕಿಸಿ ಬಿಟ್ಟೆ. ಫೋನೂ ಅಲ್ಲೇ ಚಾರ್ಜಿಗೆ ಕುಳಿತಿತ್ತು. ಮತ್ತೆ ಮತ್ತೆ ಬಾಟಲಿ ತೆಗೆಯಬೇಕಲ್ಲ ಎಂದು ಹಿಂದಿನ ಡಿಕ್ಕಿ ತೆರೆದೇ ಇತ್ತು. ಅದರ ಒಳದೀಪ ಹಗಲಿನ ಬೆಳಕಿನಲ್ಲಿ ಕಾಣಿಸಲೇ ಇಲ್ಲ. ಎರಡೂವರೆಯ ಹೊತ್ತಿಗೆ ಆ ಊರಿನ ದನಗಳೆಲ್ಲ ಮುಗಿದವು. ಮುಂದಿನ ಊರಿನವರು ದನ ಕಟ್ಟಿಕೊಂಡು ಕಾಯುತ್ತಿದ್ದರು. ಕೀಲಿ ತಿರುವಿದೆ. ಟಕ್ ಎಂದಿತು, ಅಷ್ಟೇ. ಇನ್ನೊಮ್ಮೆ ತಿರುವಿದರೆ ಆ ಟಕ್ ಕೂಡ ಇಲ್ಲ. ಹಿಂದೆ ಪೆಟ್ಟಿಗೆಯ ಹಸಿರು ದೀಪ ಆರಿತ್ತು. ಒಳಗೆ ಇನ್ನೂ ಇನ್ನೂರು ದನಗಳಿಗೆ ಸಾಲುವಷ್ಟು ಲಸಿಕೆ. ಬೆಚ್ಚಗಾದರೆ ಅದು ಬರೀ ನೀರು. ಚುಚ್ಚಿಸಿಕೊಂಡ ದನಕ್ಕೆ ರೋಗ ಬಂದರೆ ಆ ಊರು ಮುಂದೆಂದೂ ನನ್ನ ಮಾತು ಕೇಳುವುದಿಲ್ಲ.

ನಾಲ್ಕು ಜನ ಕಾರು ತಳ್ಳಿ ನೋಡಿದರು, ಎದ್ದೇಳಲಿಲ್ಲ. ಅಲ್ಲಿದ್ದ ರೈತರೊಬ್ಬರು ತಮ್ಮ ಟ್ರ್ಯಾಕ್ಟರಿನ ಮೇಲೆ ಬರೆಸಿಕೊಂಡಿದ್ದ ಒಂದು ನಂಬರಿಗೆ ಫೋನು ಹಚ್ಚಿದರು. ಮುಕ್ಕಾಲು ಗಂಟೆಯಲ್ಲಿ ಒಂದು ಹಳೆಯ ಸ್ಕೂಟರು ಧೂಳೆಬ್ಬಿಸುತ್ತ ಬಂತು. ಮೆಕ್ಯಾನಿಕ್ ಎಂದು ಕಾದಿದ್ದ ನನ್ನೆದುರು ಇಳಿದವರು ಐವತ್ತರ ಸುಮಾರಿನ ಒಬ್ಬ ಹೆಂಗಸು. ಇಳಕಲ್ ಸೀರೆಯ ಸೆರಗನ್ನು ಸೊಂಟಕ್ಕೆ ಬಿಗಿದಿದ್ದರು. ಕಾಲ ಬಳಿ ಒಂದು ಬ್ಯಾಟರಿ, ಹೆಗಲಿಗೆ ಕೆಂಪು ಕಪ್ಪು ಕೇಬಲಿನ ಸುರುಳಿ.

ಅವರು ಮೊದಲು ನೋಡಿದ್ದು ಕಾರನ್ನಲ್ಲ, ಪೆಟ್ಟಿಗೆಯನ್ನು.

"ಇದರಾಗ ಏನೈತ್ರೀ?"

ಹೇಳಿದೆ.

"ಹಂಗಾದ್ರ ಗಾಡಿ ಆಮ್ಯಾಗ ನೋಡೂಣು. ಮೊದಲ ಇದಕ್ಕ ಕರೆಂಟ್ ಬೇಕು," ಎಂದು ತಾವು ತಂದಿದ್ದ ಬ್ಯಾಟರಿಗೆ ನೇರವಾಗಿ ಪೆಟ್ಟಿಗೆಯ ವಾಯರು ಹಚ್ಚಿದರು. ಹಸಿರು ದೀಪ ಹತ್ತಿತು. ಒಳಗಿನ ಮಾಪಕ ನೋಡಿದೆ, ಲಸಿಕೆ ಇನ್ನೂ ಕೆಟ್ಟಿರಲಿಲ್ಲ. ಮುಚ್ಚಳವನ್ನು ಮತ್ತೆ ಬಿಗಿಯಾಗಿ ಮುಚ್ಚಿದೆ.

ಆಮೇಲೆ ಟ್ರ್ಯಾಕ್ಟರನ್ನು ಹತ್ತಿರ ತರಿಸಿ, ಅದರ ಬ್ಯಾಟರಿಯಿಂದ ನನ್ನ ಕಾರಿಗೆ ಕೇಬಲು ಹಚ್ಚಿ ಚಾಲೂ ಮಾಡಿಸಿದರು. ಬಾನೆಟ್ ಮುಚ್ಚುತ್ತ, ಮೇಡಂ ಎನ್ನುವಂತೆ ನನ್ನನ್ನು ‘ಬಾಯಾರ’ ಎಂದು ಕರೆದು ಹೇಳಿದ ಮಾತು ಇವತ್ತಿಗೂ ಕಿವಿಯಲ್ಲಿದೆ.

"ಗಾಡಿ ನಿಂತೈತಿ ಅಂದ್ರ ಸುಮ್ಮನ ನಿಂತಿರ್ತೈತಿ ಅಂತ ತಿಳ್ಕೋಬ್ಯಾಡ್ರೀ ಬಾಯಾರ. ನಿಂತಲ್ಲೇ ತಿಂತಿರ್ತೈತಿ. ದೀಪ ತಿಂತೈತಿ, ಫೋನ್ ತಿಂತೈತಿ, ಈ ಪೆಟಗಿ ಅಂತೂ ಎತ್ತು ತಿಂದಂಗ ತಿಂತೈತಿ. ಓಡೂ ಮುಂದ ಮಾತ್ರ ಅದು ಗಳಿಸ್ತೈತಿ."

ಮರುದಿನ ಅವರ ಅಂಗಡಿ ಹುಡುಕಿಕೊಂಡು ಹೋದೆ. ಹಾನಗಲ್ಲಿನ ಬಸ್ ನಿಲ್ದಾಣ ದಾಟಿ ತುಸು ಮುಂದೆ, ತಗಡಿನ ಒಂದು ಕೋಣೆ. ಗೋಡೆಗುಂಟ ಚಾರ್ಜಿಗಿಟ್ಟ ಬ್ಯಾಟರಿಗಳ ಸಾಲು, ಒಳಗೆ ನೀರು ಕುದಿಯುವಂಥ ಸಣ್ಣ ಗುಳುಗುಳು ಸದ್ದು. ಅಲ್ಲಿ ಒಂದು ಸ್ಟೂಲಿನ ಮೇಲೆ ಕುಳಿತು ನಾನು ಕಾರಿನ ಬಗ್ಗೆ ಕಲಿತದ್ದು ಯಾವ ಪುಸ್ತಕದಲ್ಲೂ ಓದಿದ್ದಲ್ಲ. ಎಂಜಿನ್ ಬಂದ್ ಮಾಡಿದ ಮೇಲೆ ಪೆಟ್ಟಿಗೆಗೆ ಬೇರೆಯದೇ ಬ್ಯಾಟರಿ ಇರಬೇಕು, ಕಾರಿನದ್ದನ್ನು ಮುಟ್ಟಬಾರದು. ಒಂದು ವಾರಕ್ಕಿಂತ ಹೆಚ್ಚು ನಿಲ್ಲಿಸುವುದಾದರೆ ಮೈನಸ್ ವಾಯರು ಬಿಚ್ಚಬೇಕು. ಬಿಚ್ಚುವಾಗ ಮೈನಸ್ ಮೊದಲು, ಹಚ್ಚುವಾಗ ಮೈನಸ್ ಕೊನೆಗೆ. ಮನೆ ಮುಂದೆ ಐದು ನಿಮಿಷ ಎಂಜಿನ್ ಗುರ್ ಅನ್ನಿಸಿ ಬಂದ್ ಮಾಡಿದರೆ ಉಪಯೋಗಕ್ಕಿಂತ ಹಾನಿಯೇ ಹೆಚ್ಚು. ಅರ್ಧ ಗಂಟೆಯಾದರೂ ರಸ್ತೆಯ ಮೇಲೆ ಓಡಿಸಬೇಕು. ಬೆಳಿಗ್ಗೆ ಚಾಲೂ ಮಾಡುವಾಗ ಎಂಜಿನ್ನು ಎಳೆದೆಳೆದು ತಿರುಗಿದರೆ, ಬ್ಯಾಟರಿ ತನ್ನ ಸುಸ್ತು ಹೇಳಿಕೊಳ್ಳುತ್ತಿದೆ ಎಂದೇ ಅರ್ಥ.

"ಎಲ್ಲಾರಿಗೂ ಹಿಂಗ ಹೇಳಿದ್ರ ನಿಮ್ಮ ಅಂಗಡಿಗೆ ಯಾರ್ ಬರ್ತಾರ?" ಎಂದು ಒಮ್ಮೆ ಕೇಳಿದ್ದೆ.

"ಬರ್ತಾರ. ಕೇಳಿದವ್ರೆಲ್ಲಾ ಮಾಡಂಗಿಲ್ಲಲ್ಲ," ಎಂದು ನಕ್ಕಿದ್ದರು.

ಹಿರೇಕೆರೂರಿನ ಕಡೆಯ ರೈತರ ಮನೆಯ ಮಗಳು ಅವರು. ಅಂಗಡಿ ಗಂಡನದ್ದು. ಗಂಡ ತೀರಿಕೊಂಡ ಮೇಲೆ, ಹತ್ತಿರವಿದ್ದು ನೋಡಿ ಕಲಿತ ಕೆಲಸವನ್ನೇ ಅಕ್ಕ ಹಿಡಿದರು. "ಹೊಟ್ಟಿ ಬ್ಯಾನಿ, ಹೊಟ್ಟಿ ಬ್ಯಾನಿ ಅಂತಿದ್ರು. ಕಡೀಕ ಕಿಡ್ನಿ ಹೋತು ಅಂದ್ರು," ಎಂದಷ್ಟೇ ಹೇಳಿದ್ದರು. ನಾನೂ ಮುಂದೆ ಕೇಳಿರಲಿಲ್ಲ. ಅಂಗಡಿಯ ಹಿತ್ತಲಿನಲ್ಲಿ ಸತ್ತ ಬ್ಯಾಟರಿಗಳನ್ನು ಒಡೆದು, ಒಳಗಿನ ಸೀಸದ ಹಾಳೆಗಳನ್ನು ತೆಗೆದು, ಕಬ್ಬಿಣದ ಕಡಾಯಿಯಲ್ಲಿ ಕರಗಿಸುವ ಕೆಲಸವೂ ಇತ್ತು. ಗಂಡ ಮಾಡುತ್ತಿದ್ದದ್ದನ್ನು ಅಕ್ಕನೂ ಮುಂದುವರಿಸಿದ್ದರು. ಅದೇ ಕೈ ಒರೆಸಿಕೊಂಡು ಬಂದು ನನಗೆ ಚಹಾ ಸೋಸುತ್ತಿದ್ದರು. ಹೀಗೆ ಎರಡು ವರ್ಷ...

ಎರಡನೆಯ ವರ್ಷದ ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ಮಧ್ಯಾಹ್ನ ಅಕ್ಕನೇ ಫೋನು ಮಾಡಿದರು. ಹಿಂದಿನ ಮನೆಯವರ ಆಕಳ ಕರುವಿಗೆ ಏನೋ ಆಗಿದೆ, ಬೇಗ ಬನ್ನಿ ಎಂದರು. ಹೋಗಿ ನೋಡಿದರೆ ಕರು ಗೋಡೆಗೆ ಹಣೆ ಒತ್ತಿ ನಿಂತಿತ್ತು. ಹಲ್ಲು ಕಡಿಯುತ್ತಿತ್ತು. ಕಣ್ಣೆದುರು ಕೈ ಆಡಿಸಿದರೆ ರೆಪ್ಪೆ ಬಡಿಯಲಿಲ್ಲ. ಅದಕ್ಕೆ ಕಣ್ಣು ಕಾಣುತ್ತಿರಲಿಲ್ಲ. ಇದು ಏನು ತಿಂದಿತು, ಎಲ್ಲಿ ಮೇಯ್ದಿತು ಎಂದು ಕೇಳುತ್ತ ಸುತ್ತ ನೋಡಿದೆ. ಬೇಲಿಯ ಸಂದಿಯಿಂದ ಅಕ್ಕನ ಹಿತ್ತಲು ಕಾಣುತ್ತಿತ್ತು. ಒಡೆದ ಬ್ಯಾಟರಿಗಳ ರಾಶಿಯಲ್ಲಿ ಬೂದು ಹಾಳೆಗಳು ಮಳೆಗೆ ತೊಯ್ದು ಹೊಳೆಯುತ್ತಿದ್ದವು. ಹತ್ತಿರ ಹೋಗಿ ನೋಡಿದರೆ ಅವುಗಳ ಮೇಲೆ ಕರುವಿನ ನಾಲಿಗೆಯ ಗುರುತು. ಸೀಸ ವಿಷ, ಆದರೆ ಅದಕ್ಕೆ ಒಂದು ಸಿಹಿ ರುಚಿ ಇದೆ, ದನಗಳು ನೆಕ್ಕುತ್ತವೆ. ಇದನ್ನು ನಾನು ಕಾಲೇಜಿನಲ್ಲಿ ಓದಿ, ಪರೀಕ್ಷೆಯಲ್ಲಿ ಬರೆದು, ಪೂರಾ ಅಂಕ ತೆಗೆದುಕೊಂಡಿದ್ದೆ.

ಕರು ಸಂಜೆಯೊಳಗೆ ಸತ್ತಿತು.

ಅಕ್ಕ ಅದರ ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕುಳಿತಿದ್ದರು. "ನಂದ ತಪ್ಪು ಆತು," ಎಂದರು ಮೆಲ್ಲಗೆ. ಆ ಮನೆಯ ಅಜ್ಜಿ, "ಬೇಲಿ ಸಂದಿ ಮುಚ್ಚಲಾರದ್ದು ನಮ್ಮ ತಪ್ಪು, ಬಿಡವ್ವಾ," ಎಂದು ಸಮಾಧಾನ ಮಾಡಿದರು. ಅಕ್ಕ ಮುಖವೆತ್ತಿ ಅಜ್ಜಿಯ ಕಡೆ ನೋಡಿ, ಅಳುವನ್ನು ತಡೆಯಲು ತುಟಿ ಎಳೆದು ನಕ್ಕಂತೆ ಮಾಡಿದರು. ಆಗ ನನಗೆ ಕಂಡಿತು. ಹಲ್ಲುಗಳ ಬುಡಕ್ಕೆ, ವಸಡಿನ ಅಂಚಿನುದ್ದಕ್ಕೂ, ನೀಲಿ ಕಪ್ಪಿನ ಒಂದು ತೆಳು ಗೆರೆ, ಮೈಗೆ ಸೀಸ ಸೇರಿದವರಲ್ಲಿ ಮೂಡುವಂಥದ್ದು.

ನಾನು ದಿನವಿಡೀ ದನಗಳ ತುಟಿ ಸರಿಸಿ ವಸಡು ನೋಡುವವಳು. ಎರಡು ವರ್ಷ ಇವರೆದುರು ಕುಳಿತು ಚಹಾ ಕುಡಿದಿದ್ದೆ. ಹೊಟ್ಟೆ ಹಿಡಿದಂತಾಗುತ್ತದೆ ಎಂದು ಅವರು ಆಗಾಗ ಹೇಳಿದ್ದರು. ಬೋಲ್ಟು ಬಿಚ್ಚುವ ಪಾನಾ ಹಿಡಿದ ಬಲಗೈ ಮಣಿಕಟ್ಟಿನಲ್ಲಿ ಜೋತು ಬೀಳುತ್ತಿದ್ದದ್ದನ್ನು ಕಂಡಿದ್ದೆ. ವಯಸ್ಸಾಯಿತಲ್ಲ ಎಂದುಕೊಂಡಿದ್ದೆ.

ಅಂಗಡಿಗೆ ಕರೆದುಕೊಂಡು ಬಂದು, ಬಾಗಿಲು ಅರ್ಧ ಮುಚ್ಚಿ, ಹೇಳಿದೆ. ಕರುವಿಗೆ ಆದದ್ದೇ ನಿಮಗೂ ಸ್ವಲ್ಪ ಸ್ವಲ್ಪವಾಗಿ ಆಗುತ್ತಿರಬಹುದು, ನಾನು ಮನುಷ್ಯರ ಡಾಕ್ಟರಲ್ಲ, ಆದರೆ ನಾಳೆಯೇ ಹುಬ್ಬಳ್ಳಿಗೆ ಹೋಗಿ ರಕ್ತ ತೋರಿಸೋಣ ಎಂದೆ. ಸೀಸದ ಹೊಗೆ, ಸೀಸದ ಪುಡಿ, ಅದೇ ಕೈಯಲ್ಲಿ ಊಟ, ಎಲ್ಲವನ್ನೂ ಬಿಡಿಸಿ ಹೇಳಿದೆ. ಅಕ್ಕ ಕೇಳಿಸಿಕೊಂಡರು. ಅವರು ತಮ್ಮ ಬಗ್ಗೆ ಏನಾದರೂ ಕೇಳುತ್ತಾರೆ ಎಂದು ಕಾಯುತ್ತಿದ್ದೆ. ಅವರು ನೋಡುತ್ತಿದ್ದದ್ದು ಗೋಡೆಯ ಮೇಲಿನ ಗಂಡನ ಫೋಟೋವನ್ನು.

"ಹಂಗಾದ್ರ ಅವ್ರಿಗೂ ಇದ ಏನ್ರೀ ಬಾಯಾರ?"

ಗೊತ್ತಿಲ್ಲ ಎಂದೇ ಹೇಳಿದೆ. ಆದರೆ ನನ್ನ ಮುಖ ಬೇರೇನೋ ಹೇಳಿರಬೇಕು.

"ಕಡಾಯಿ ಬುಡಕ ಊದಿ ಊದಿ ಉರಿ ಹಚ್ಚಿ ಕೊಡಾಕಿ ನಾನ ಇದ್ದೆ," ಎಂದರು. ಚಾರ್ಜಿಗಿಟ್ಟ ಬ್ಯಾಟರಿಗಳು ಗುಳುಗುಳು ಎನ್ನುತ್ತಲೇ ಇದ್ದವು...

ಮರುದಿನ ನನ್ನ ಕಾರಿನಲ್ಲೇ ಶಿಗ್ಗಾಂವ ದಾಟಿ ಹುಬ್ಬಳ್ಳಿಗೆ ಹೋದೆವು. ರಕ್ತದ ವರದಿ ಬರಲು ಕೆಲವು ದಿನ ಹಿಡಿಯಿತು. ಸೀಸವಿತ್ತು, ಬಹಳವೇ ಇತ್ತು. ಅಲ್ಲಿನ ಡಾಕ್ಟರು ಚಿಕಿತ್ಸೆ ಶುರು ಮಾಡಿದರು. ಇನ್ನೂ ಸ್ವಲ್ಪ ತಡವಾಗಿದ್ದರೆ ಕಷ್ಟವಿತ್ತು, ಆದರೆ ಕಿಡ್ನಿಗೆ ಆದ ಪೆಟ್ಟು ಪೂರಾ ಹೋಗುವುದಿಲ್ಲ ಎಂದೂ ಹೇಳಿದರು.

ಅಕ್ಕ ಅಂಗಡಿ ಮುಚ್ಚಬಹುದು ಎಂದುಕೊಂಡಿದ್ದೆ. ಮುಚ್ಚಲಿಲ್ಲ. ಕಡಾಯಿಯನ್ನು ಮಾತ್ರ ತೆಗೆಸಿದರು. ಹಳೆಯ ಬ್ಯಾಟರಿಗಳನ್ನು ಒಡೆಯದೆ ಇಡಿಯಾಗಿ ವಾಪಸು ಕೊಂಡುಹೋಗುವ ಕಂಪನಿಯವರಿಗೆ ಕಳಿಸಿದರು. ಹಿತ್ತಲಿನ ಮಣ್ಣನ್ನು ಒಂದು ಮೊಳ ಕೆರೆಸಿ, ಚೀಲಗಳಲ್ಲಿ ಕಟ್ಟಿಸಿ ಆ ಕಂಪನಿಯ ಗಾಡಿಯಲ್ಲೇ ಸಾಗಿಸಿ, ಮೇಲೆ ಕಾಂಕ್ರೀಟು ಹಾಕಿಸಿದರು. ಬೇಲಿಯ ಜಾಗದಲ್ಲಿ ಗೋಡೆ ಎದ್ದಿತು. ಹಿಂದಿನ ಮನೆಯವರ ಪುಟ್ಟ ಮೊಮ್ಮಗಳ ರಕ್ತವನ್ನೂ ತಪಾಸಣೆ ಮಾಡಿಸುವವರೆಗೆ ಅವರಿಗೆ ನಿದ್ದೆ ಬರಲಿಲ್ಲವಂತೆ. ಮಗುವಿಗೆ ಏನೂ ಆಗಿರಲಿಲ್ಲ. ಆ ವರದಿ ಓದಿ ಹೇಳಿದ ದಿನವೇ ನಾನು ಅಕ್ಕ ಅತ್ತದ್ದನ್ನು ನೋಡಿದ್ದು.

ಆಮೇಲೆ ಅವರು ಬೇರೆ ಬ್ಯಾಟರಿ ಅಂಗಡಿಗಳಿಗೂ ಹೋದರು. ಸವಣೂರು, ಶಿಗ್ಗಾಂವ, ಹಿರೇಕೆರೂರು, ಸ್ಕೂಟರಿನ ಮೇಲೆ ಎಲ್ಲಿಯವರೆಗೆ ಹೋಗಲು ಆಗುತ್ತದೋ ಅಲ್ಲಿಯವರೆಗೆ. ಒಂದೆರಡು ಕಡೆ ನಾನೂ ಜೊತೆಗಿದ್ದೆ. ಮೊದಲು ಜನ ನಕ್ಕರು. ಅಕ್ಕ ವಾದ ಮಾಡುತ್ತಿರಲಿಲ್ಲ. ತುಟಿ ಸರಿಸಿ ವಸಡು ತೋರಿಸುತ್ತಿದ್ದರು, ಬಲಗೈ ಮುಂದೆ ಚಾಚಿ ಅದು ಮಣಿಕಟ್ಟಿನಲ್ಲಿ ಬಾಗುವುದನ್ನು ತೋರಿಸುತ್ತಿದ್ದರು.

"ಒಡೀಬ್ಯಾಡ್ರಿ. ಬ್ಯಾಟರಿ ಲಗೂನ ಸಾಯದಂಗ ನೋಡ್ಕೊಳ್ಳಾಕ ಜನಕ್ಕ ಕಲಿಸ್ರಿ," ಎನ್ನುತ್ತಿದ್ದರು.

ಆಗ ನನಗೆ ಇನ್ನೊಂದು ವಿಷಯ ತಿಳಿಯಿತು. ಕಾರು ನಿಲ್ಲಿಸಿದಾಗ ಡಿಕ್ಕಿ ಮುಚ್ಚಿರಿ, ವಾಯರು ಬಿಚ್ಚಿರಿ ಎಂದು ಅವರು ಮೊದಲೂ ಹೇಳುತ್ತಿದ್ದರು. ಆದರೆ ಈಗ ಹೇಳುವಾಗ ಆ ನಗು ಇರಲಿಲ್ಲ. ಐದು ವರ್ಷ ಬಾಳುವ ಬ್ಯಾಟರಿ ಎರಡೇ ವರ್ಷಕ್ಕೆ ಸತ್ತರೆ, ಅದು ಎಲ್ಲೋ ಯಾರದೋ ಹಿತ್ತಲಿಗೆ ಹೋಗುತ್ತದೆ ಎಂದು ಅವರಿಗೆ ಗೊತ್ತಿತ್ತು. ಕೆಲವರು ಒಡೆಯುವುದನ್ನು ಬಿಟ್ಟರು. ಎಲ್ಲರೂ ಬಿಡಲಿಲ್ಲ.

ನನಗೆ ವರ್ಗವಾಯಿತು. ಮೊದಮೊದಲು ತಿಂಗಳಿಗೊಮ್ಮೆ ಹಾನಗಲ್ಲಿಗೆ ಹೋಗುತ್ತಿದ್ದೆ, ಆಮೇಲೆ ಅದೂ ತಪ್ಪಿತು. ಕೊನೆಯ ಸಲ ಹೋದಾಗ ಅವರ ಕಾಲು ಊದಿಕೊಂಡಿತ್ತು. ವಾರಕ್ಕೆರಡು ಸಲ ಡಯಾಲಿಸಿಸ್ ನಡೆಯುತ್ತಿತ್ತು. ಸ್ಟೂಲಿನಿಂದ ಎದ್ದು ಚಹಾ ಮಾಡಲು ಹೊರಟವರನ್ನು ತಡೆದು, ನಾನೇ ಮಾಡಿ ಕೊಟ್ಟೆ. ಕುಡಿದು, "ಸಕ್ಕರಿ ಕಡಿಮಿ ಆತು," ಎಂದರು. ಇಬ್ಬರೂ ನಕ್ಕೆವು. ಅದಾದ ಮೇಲೆ ಅವರು ಆರೇಳು ತಿಂಗಳಿದ್ದರಂತೆ. ಸುದ್ದಿ ನನಗೆ ಮುಟ್ಟಿದಾಗ ದಿನಕರ್ಮಗಳೂ ಮುಗಿದಿದ್ದವು.

ಈಗ ನಾನು ಹೊಸ ಪಶುವೈದ್ಯರಿಗೆ ಆಗಾಗ ಪಾಠ ಮಾಡುತ್ತೇನೆ. ದನ ನೋಡಲು ಹೋದ ಮನೆಯಲ್ಲಿ ದನ ಕಟ್ಟಿದವರ ಮುಖವನ್ನೂ ಒಮ್ಮೆ ಸರಿಯಾಗಿ ನೋಡಿ ಎನ್ನುತ್ತೇನೆ. ಅವರು ಬರೆದುಕೊಳ್ಳುತ್ತಾರೆ. ಯಾಕೆ ಎಂದು ಇದುವರೆಗೆ ಯಾರೂ ಕೇಳಿಲ್ಲ. ಕೇಳಿದರೆ, ನಾನು ಎರಡು ವರ್ಷ ತಡ ಮಾಡಿದೆ ಎಂದು ಹೇಳಬೇಕಾಗುತ್ತದೆ. ಒಂದು ದಿನ ಹೇಳುತ್ತೇನೆ. ಅಕ್ಕ ಮಾತ್ರ ಅದನ್ನು ಒಮ್ಮೆಯೂ ನನ್ನೆದುರು ಆಡಲಿಲ್ಲ...