ಒಳಗ ಬರ್ರಿ ಎನ್ನದ ಮಧ್ಯಾಹ್ನ

ನಮ್ಮ ಬೀದರ ಕಡೆ ಬಾಗಿಲು ಬಡಿದರೆ ಯಾರೆಂದು ನೋಡುವ ಮೊದಲೇ ಅಡುಗೆಮನೆಯಿಂದ ಕೂಗುತ್ತೇವೆ: "ಒಳಗ ಬರ್ರಿ!" ನಾನೂ ಹಾಗೆ ಕೂಗುತ್ತಲೇ ಬೆಳೆದವಳು. ಆ ಹಾಳು ಇಂಗ್ಲಿಷ್ ಕಾದಂಬರಿಗಳು ಬಂದು ನನ್ನ ಬಾಯಿ ಕಟ್ಟಿದವು.

ಔರಾದಿನ ಗೆಳತಿಯೊಬ್ಬರು ಒಂದೊಂದೇ ಭಾಗ ಓದಿ ಮುಗಿಸಿ ನನಗೆ ಕೊಡುತ್ತಿದ್ದರು. ಕಥೆ ನಡೆಯುವುದು ಕಾಡಿನಲ್ಲಲ್ಲ. ಬಸ್ಸು, ಬ್ಯಾಂಕು, ಮೊಬೈಲ್ ಅಂಗಡಿ ಇರುವ ಊರಿನಲ್ಲಿ. ಅಲ್ಲಿನ ರಕ್ತ ಹೀರುವ ಪಿಶಾಚಿಗಳು ಪಕ್ಕದ ಮನೆಯವರಂತೆ ಬಟ್ಟೆ ತೊಟ್ಟು ತಿರುಗುತ್ತವೆ, ಆದರೆ ಒಳಗಿನವರು ಕರೆಯದೆ ಹೊಸ್ತಿಲು ದಾಟಲಾರವು. ಇಷ್ಟು ವರ್ಷ ನೋಡದೆ ಯಾರ್ಯಾರನ್ನು ಕರೆದಿದ್ದೇನೋ ಎಂದು ಲೆಕ್ಕ ಹಾಕತೊಡಗಿದೆ.

ಮೊನ್ನೆ ಮಧ್ಯಾಹ್ನ ನೌಬಾದದ ನಮ್ಮ ಮನೆಯಲ್ಲಿ ಒಬ್ಬಳೇ ಕೂತು ನಾಲ್ಕನೇ ಭಾಗ ಮುಗಿಸುತ್ತಿದ್ದಾಗ ಬಾಗಿಲು ಬಡಿದ ಸದ್ದಾಯಿತು. ನಾನು ಬಾಯಿ ತೆರೆಯಲಿಲ್ಲ. ಮೂರು ಸಲ ಬಡಿದು ಸುಮ್ಮನಾಯಿತು. ಬಹಳ ಹೊತ್ತಿನ ಮೇಲೆ ಚಿಲಕ ತೆಗೆದರೆ ಯಾರೂ ಇರಲಿಲ್ಲ. ಹಿಡಿಕೆಗೆ ಸಿಕ್ಕಿಸಿದ ಚೀಲದಲ್ಲಿ ಐದನೇ ಭಾಗವಿತ್ತು.

ನಾಚಿಕೆಯಾಗಿ ಸಂಜೆ ಗೆಳತಿಗೆ ಫೋನ್ ಮಾಡಿದೆ. "ತಪ್ಪಾಯ್ತ್ರಿ, ನಿಮ್ಮನ್ನ ಬಿಸಿಲಾಗ ನಿಲ್ಲಿಸಿದೆ. ಹೆಸರು ಹೇಳಿ ಕೂಗಬಾರದಿತ್ತೇನ್ರಿ?"

"ಕೂಗಿದ್ರ ನೀವು ನಂಬ್ತಿದ್ರೇನ್ರಿ?" ಎಂದರು ಅವರು. "ನಾನೂ ಓದೇನ್ರಿ. ಅವು ಗುರ್ತಿನವರ ದನಿಯಾಗೇ ಕೂಗ್ತಾವ."

ಅಷ್ಟರಲ್ಲಿ ಫೋನಿನೊಳಗೆ ಅವರ ಮನೆಯ ಬಾಗಿಲು ಬಡಿದ ಸದ್ದು ಕೇಳಿಸಿತು.

"ಕರೀಬ್ಯಾಡ್ರಿ," ಎಂದೆ.