ಕಂಡವರ ಹಗೇವಿನಲ್ಲಿ ನಾಸೀರನ ದನಿ

ಮಿರಜದ ಆಸ್ಪತ್ರೆಯಲ್ಲಿ ನಾಸೀರನ ಧ್ವನಿಪೆಟ್ಟಿಗೆ ತೆಗೆಯುವ ಹಿಂದಿನ ದಿನ ಡಾಕ್ಟರು, ಮನೆಯವರ ಜೊತೆ ಮಾತಾಡುವುದಿದ್ದರೆ ಇವತ್ತೇ ಮಾತಾಡಿಬಿಡು ಎಂದರಂತೆ. ಅವನು ಹೆಂಡತಿ ಸಬೀರಾಳ ಕೈ ಹಿಡಿದು, "ಅಳಬ್ಯಾಡ. ನನ್ನ ದನಿ ಗಂಟಲದಾಗ ಎಷ್ಟೈತೋ ಅದಕ್ಕಿಂತ ಹೆಚ್ಚು ಕ್ಲೌಡಿನಾಗ ಐತಿ" ಎಂದನಂತೆ. ಸಬೀರಾ ಇದನ್ನು ನನಗೆ ಹೇಳುವಾಗ ಅವನೂ ಪಕ್ಕದಲ್ಲೇ ಕುಳಿತಿದ್ದ. ಕೊರಳಿಗೆ ಸುತ್ತಿದ ಟವೆಲ್ಲಿನ ಮೇಲೆ ಕೈ ಇಟ್ಟು ಹೌದೆಂದು ತಲೆಯಾಡಿಸಿದ.

ನಾಸೀರ ದನಿ ಮಾರಿ ಬದುಕಿದವನು. ವಿಜಯಪುರದ ಸ್ಟೇಷನ್ ರಸ್ತೆಯ ಹಿಂದಿನ ಓಣಿಯಲ್ಲಿ, ಗೋಡೆಗೆಲ್ಲ ಹಳೆಯ ಗಾದಿ ಬಡಿದ ಸಣ್ಣ ಖೋಲಿಯೇ ಅವನ ಸ್ಟುಡಿಯೊ. ಆಟೋದ ನೆತ್ತಿಗೆ ಭೋಂಗಾ ಕಟ್ಟಿಕೊಂಡು ಊರೂರು ಸಾರುತ್ತ ಹೋಗುತ್ತಾರಲ್ಲ, ಆ ಭೋಂಗಾದೊಳಗಿನ ಮಾತು ಅವನದು. ಸೀರೆ ಅಂಗಡಿಯ ರಿಯಾಯಿತಿ, ಟಿಕೋಟಾದ ಒಣದ್ರಾಕ್ಷಿ ಮಾರಾಟ, ಬಬಲೇಶ್ವರದ ಕಣ್ಣಿನ ಶಿಬಿರ, ತಪ್ಪಿಸಿಕೊಂಡ ಎಮ್ಮೆ, ಎಲ್ಲವೂ ಅವನ ಬಾಯಿಂದಲೇ ಬರಬೇಕು. ಹಿತ್ತಾಳೆ ಕೊಡದೊಳಗೆ ಬಾವಿಯ ನೀರು ಬಿದ್ದಂಥ ದನಿ. ಬಾರುಕೋಲಿನ ಬೀಸು ಅದರಲ್ಲಿತ್ತು, ಪೆಟ್ಟು ಇರಲಿಲ್ಲ. ಅವನಿಗೆ ಮಾತು ಬರೆದುಕೊಡುವವನು ನಾನು. ನಾಲ್ಕನೆಯ ಇಯತ್ತೆಗೆ ನಾನು ಸಾಲಿ ಬಿಟ್ಟೆ, ಕನ್ನಡ ನನ್ನನ್ನು ಬಿಡಲಿಲ್ಲ.

"ಗೊಲ್ಲಾಳಪ್ಪ ಕಾಕಾ, ನೀವು ಬರದದ್ದು ಓದಿ ಮುಗಸೂದ್ರಾಗ ಆಟೋ ತೊರವಿ ದಾಟಿ ಹೋಗಿರ್ತದ. ಸಣ್ಣದು ಬರೀರಿ" ಎಂದು ಅವನು ರೇಗಿಸುತ್ತಿದ್ದ.

"ನಿನ್ನ ಉಸುರು ಸಣ್ಣದೈತಿ ಅನ್ನು, ನನ್ನ ಬರಹಕ್ಯಾಕ ಬೈತೀಲೇ?" ಎನ್ನುತ್ತಿದ್ದೆ. ಸಬೀರಾ ಒಳಗಿನಿಂದ ಚಹಾ ತಂದಿಟ್ಟು, "ಇಬ್ಬರದೂ ಉದ್ದೈತಿ, ಆರಿ ಹೋಗೂದ್ರಾಗ ಕುಡೀರಿ" ಎನ್ನುವಳು.

ಮೊದಲೆಲ್ಲ ರೆಕಾರ್ಡಿಂಗನ್ನು ಪೆನ್ ಡ್ರೈವಿನಲ್ಲಿ ಹಾಕಿ ಬಸ್ಸಿನ ಕಂಡಕ್ಟರನ ಕೈಗೆ ಕೊಡುತ್ತಿದ್ದೆವು. ಟಿಕೋಟಾಕ್ಕೆ ಹೋಗಬೇಕಾದದ್ದು ಒಮ್ಮೆ ಅಲ್ಲಿ ಇಳಿಯದೆ ಅಥಣಿ ನೋಡಿಕೊಂಡು ಬಂತು. ಆಗ ಕಂಪ್ಯೂಟರ್ ರಿಪೇರಿಯ ಸುಧೀರ ಕ್ಲೌಡಿನ ದಾರಿ ತೋರಿಸಿದ. ಯಾವುದೋ ದೂರದ ಕಂಪನಿಯ ದೊಡ್ಡ ಯಂತ್ರಗಳಲ್ಲಿ ನಮ್ಮ ಸರಕು ಇರುತ್ತದೆ, ವರ್ಷಕ್ಕೊಮ್ಮೆ ಬಾಡಿಗೆ ಕಟ್ಟಬೇಕು, ಎಲ್ಲಿಂದ ಬೇಕಾದರೂ ತೆಗೆಯಬಹುದು. ನಾವು ಇಲ್ಲಿ ಒತ್ತಿದರೆ ಬಬಲೇಶ್ವರದ ಆಟೋದವನು ತನ್ನ ಫೋನಿನಲ್ಲಿ ಇಳಿಸಿಕೊಂಡು ಸಾರುತ್ತ ಹೊರಟುಬಿಡುತ್ತಿದ್ದ. ಒಂದು ಮಳೆಗಾಲದಲ್ಲಿ ಮಾಳಿಗೆ ಸೋರಿ ಕಂಪ್ಯೂಟರಿನೊಳಗೆ ನೀರು ಹೊಕ್ಕಿತು. ನಾನು ಎದೆ ಎದೆ ಬಡಿದುಕೊಂಡೆ. ಸುಧೀರ ಬೇರೆ ಕಂಪ್ಯೂಟರ್ ತಂದು ಕೂರಿಸಿದ. ನಾಸೀರ ತನ್ನ ನಂಬರು ಹಾಕಿದ, ಫೋನಿಗೆ ಬಂದ ಓಟಿಪಿ ಒತ್ತಿದ. ಒಂದು ಶಬ್ದವೂ ಕಳೆಯದೆ ಎಲ್ಲವೂ ತಿರುಗಿ ಬಂದಿತ್ತು.

ಆ ಭರವಸೆಯೇ ಮುಂದೆ ಮುಳುವಾಯಿತು. "ಒಂದು ಪ್ರತಿ ಮನ್ಯಾಗೂ ಇಟ್ಕೋರಿ" ಎಂದು ಸುಧೀರ ಹೇಳಿದರೆ ನಾಸೀರ ನಕ್ಕುಬಿಟ್ಟ. ನಾನೂ ಹೇಳಿದೆ: "ಲೇ ನಾಸೀರ, ಇದು ಕಂಡವರ ನೆಲದಾಗ ತೋಡಿದ ಹಗೇವಿನಾಗ ಜೋಳ ಹಾಕಿಟ್ಟಂಗ. ಇಲಿ ಹೆಗ್ಗಣದ ಕಾಟ ಇಲ್ಲ, ಖರೇ. ಆದ್ರ ಅದರ ಬಾಯಿ ತಗಿಯಾಕ ಅವ್ರ ಮನಸ ಆಗಬೇಕು."

"ಬಾಡಿಗಿ ಕೊಡ್ತೇನಿ ಕಾಕಾ, ಪುಕ್ಕಟ ಇಟ್ಟಿಲ್ಲ" ಎಂದ.

ಆಪರೇಷನ್ ಆಗಿ ಬಂದ ಮೇಲೆ ಎಲ್ಲರೂ ಅವನ ಅಂಗಡಿ ಮುಚ್ಚಿತು ಅಂದುಕೊಂಡರು. ಅವನು ಮುಚ್ಚಲಿಲ್ಲ. ಕ್ಲೌಡಿನಲ್ಲಿದ್ದ ತನ್ನ ಹಳೆಯ ಮಾತುಗಳನ್ನು ಕತ್ತರಿಸಿ ಹೊಸ ಜಾಹೀರಾತು ಹೊಲಿಯತೊಡಗಿದ. ಒಂದು ಸೀರೆ ಅಂಗಡಿಯ 'ಬನ್ನಿ', ಇನ್ನೊಂದು ಪಾತ್ರೆ ಅಂಗಡಿಯ 'ಭಾರಿ ರಿಯಾಯಿತಿ', ಮತ್ತೆಲ್ಲಿಂದಲೋ 'ಬಬಲೇಶ್ವರ'. ಕೌದಿಯ ಹಾಗೆ ತುಂಡು ತುಂಡು ಸೇರಿದರೂ ಹೊಲಿಗೆ ಕಾಣುತ್ತಿರಲಿಲ್ಲ. ಅವನ ದನಿಯಲ್ಲಿ ಆಗಲೇ ಇದ್ದ ಶಬ್ದಗಳಲ್ಲೇ ಬರೆಯುವುದನ್ನು ನಾನೂ ಈಗ ಕಲಿತೆ. ಭೋಂಗಾ ಕೇಳಿದ ಜನ, ನಾಸೀರನ ಗಂಟಲು ಗುಣವಾಗಿದೆ ಎಂದೇ ತಿಳಿದರು. ಒಮ್ಮೆ ಚಹಾದಂಗಡಿಯ ಮುಂದೆ ನಾವಿಬ್ಬರು ನಿಂತಿದ್ದಾಗ ಅವನ ದನಿ ಹೊತ್ತ ಆಟೋ ಹಾದುಹೋಯಿತು. ಹೆಣ ಹಾದುಹೋದರೆ ನಿಲ್ಲುತ್ತಾರಲ್ಲ, ಹಾಗೆ ಅವನು ಗ್ಲಾಸು ಕೆಳಗಿಟ್ಟು ಸುಮ್ಮನೆ ನಿಂತ.

ಆ ದಿನಗಳಲ್ಲೇ ಅವನ ಫೋನಿನ ರೀಚಾರ್ಜ್ ಮುಗಿಯಿತು. ಸಬೀರಾ ಮಾಡಿಸುತ್ತೇನೆಂದರೆ ಬೇಡವೆಂದು ಕೈಯಾಡಿಸಿದ. ಕಂಪ್ಯೂಟರಿನ ಮೇಲೆ ಬರೆದು ತೋರಿಸಿದ: 'ಬಾಯಿಲ್ಲದವನಿಗೆ ಫೋನ್ ಯಾಕ?' ಬರೆದು ತಾನೇ ನಕ್ಕ. ನಗುವಿಗೆ ಸದ್ದಿರಲಿಲ್ಲ, ಬರೀ ಹೆಗಲು ಕುಣಿದವು. ಗಿರಾಕಿಗಳೆಲ್ಲ ಸಬೀರಾಳ ಫೋನಿಗೆ ಮಾತಾಡುತ್ತಿದ್ದರು. ಆ ನಂಬರು ಸತ್ತುಹೋಯಿತು. ಹಗೇವಿನ ಕೀಲಿ ಅದೇ ನಂಬರು ಎಂಬುದು ನಮ್ಮಲ್ಲಿ ಯಾರಿಗೂ ನೆನಪಾಗಲಿಲ್ಲ.

ಮರುವರ್ಷ ಗಂಟಲಿನ ಕ್ಯಾನ್ಸರ್ ತಿರುಗಿ ಬಂತು. ಗಂಡ ಹೆಂಡತಿ ತಿಂಗಳುಗಟ್ಟಲೆ ಮಿರಜದಲ್ಲೇ ಇದ್ದರು. ಬಂದು ಖೋಲಿಯ ಬಾಗಿಲು ತೆಗೆದು ಕಂಪ್ಯೂಟರ್ ಹಚ್ಚಿದರೆ ಅದು ಹೊಸಬರನ್ನು ಕೇಳಿದಂತೆ ಕೇಳಿತು: ನಂಬರು ಹಾಕು, ಓಟಿಪಿ ಹಾಕು. ಸುಧೀರ ಹಣೆ ಹಣೆ ಚಚ್ಚಿಕೊಂಡ. ಕಂಪನಿಗೆ ಬರೆದ, ಉತ್ತರವೆಂದು ಬಂದದ್ದು ಯಂತ್ರದ ಉತ್ತರ. ಕೊನೆಗೆ ಸಬೀರಾ ಆ ಹಳೆಯ ನಂಬರಿಗೇ ಫೋನ್ ಹಚ್ಚಿದಳು. ಒಬ್ಬ ಮುದುಕಿ ಎತ್ತಿದಳು.

"ಅವ್ವಾ, ನಿಮ್ಮ ಫೋನಿಗೆ ಒಂದು ಓಟಿಪಿ ಬರ್ತದ, ಅದನ್ನ ಹೇಳ್ತೀರೇನ್ರಿ?"

"ಏ ನಿನ್ನ! ಓಟಿಪಿ ಬೇಕ? ಹೋದ ವರ್ಷ ನಿನ್ನಂಥಾಕಿನ ಒಬ್ಬಾಕಿ ಕೇಳಿ ನನ್ನ ಪಿಂಚಣಿ ಪಗಾರ ಗುಡಿಸಿಕೊಂಡು ಹೋಗ್ಯಾಳ. ಮನೀತನಕ ಬಾ, ಕೆರಾ ತಗೊಂಡು ಕೂತಿರ್ತೇನಿ!"

"ಮನಿ ಎಲ್ಲೈತಿ ಹೇಳ್ರಿ, ಬರ್ತೇವಿ" ಎಂದಳು ಸಬೀರಾ. ಕಳ್ಳರು ಹೀಗೆ ಹೇಳುವುದಿಲ್ಲವಲ್ಲ. ಮುದುಕಿ ಮನೆಯ ಗುರುತು ಹೇಳಿದಳು. ನಂಬರು ದೂರ ಹೋಗಿರಲಿಲ್ಲ, ಬಬಲೇಶ್ವರದಲ್ಲೇ ಇತ್ತು.

ನಾಸೀರ, ಸಬೀರಾ, ಸುಧೀರ, ನಾನು ಬಸ್ಸು ಹತ್ತಿ ಹೋದೆವು. ರೇಣವ್ವ ಎಂದು ಆಕೆಯ ಹೆಸರು. ಕಟ್ಟೆಯ ಮೇಲೆ ಕುಳಿತು ಹುಣಸೆಹಣ್ಣು ಬಿಡಿಸುತ್ತಿದ್ದಳು. ಕೆರ ಕಾಲಲ್ಲೇ ಇದ್ದವು. ನಮ್ಮನ್ನು ಒಬ್ಬೊಬ್ಬರನ್ನೇ ಅಳೆದು ನಾಸೀರನ ಕಡೆ ಬೆರಳು ಮಾಡಿದಳು.

"ನಂಬರು ಇವಂದ? ಹಂಗಾರ ಇವನ ಹೇಳಲಿ. ನೀವ್ಯಾಕ ಹೇಳ್ತೀರಿ?"

ಮೂರು ಊರ ಸಂತೆಗೆ ಸರಕು ಮಾರಿಕೊಟ್ಟ ಬಾಯಿ ಆ ಮುದುಕಿಯ ಮುಂದೆ ತೆರೆಯಿತು. ತುಟಿ ಆಡಿದವು, ಮಾತು ಬರಲಿಲ್ಲ. ಅವನು ಟವೆಲ್ಲು ಬಿಚ್ಚಿ ಕೊರಳಿನ ತೂತು ತೋರಿಸಿದ. ರೇಣವ್ವ ಹುಣಸೆ ಹತ್ತಿದ ಕೈಯನ್ನೇ ಬಾಯಿಗೆ ಒಯ್ದಳು. "ಯಪ್ಪಾ ನನ್ನಪ್ಪಾ, ಮುಚ್ಚಿಕೋ" ಎಂದು ಎದ್ದು, ಒಳಗಿನಿಂದ ಫೋನ್ ತಂದು ಸುಧೀರನ ಕೈಗೇ ಇಟ್ಟಳು.

ಓಟಿಪಿ ಬಂತು. ಸುಧೀರ ತನ್ನ ಲ್ಯಾಪ್‌ಟಾಪಿನಲ್ಲಿ ಒತ್ತಿದ. ಬಾಗಿಲು ತೆರೆಯಿತು. ನಾಸೀರ ಬಗ್ಗಿ ನೋಡಿದ. ಒಳಗೆ ಏನೂ ಇರಲಿಲ್ಲ.

ಸುಧೀರ ಓದಿ ಹೇಳಿದ. ಅವರು ಮಿರಜದಲ್ಲಿದ್ದಾಗ ವರ್ಷದ ಬಾಡಿಗೆಯ ಗಡುವು ಮುಗಿದಿತ್ತು. ಕಂಪನಿ ಮೇಲಿಂದ ಮೇಲೆ ಎಚ್ಚರಿಕೆ ಕಳಿಸಿತ್ತು. ಕೊನೆಗೆ ಎಲ್ಲವನ್ನೂ ಅಳಿಸಿಹಾಕಿತ್ತು. ತಿರುಗಿ ಬರುವ ಮಾತಿಲ್ಲ. ಎಚ್ಚರಿಕೆಗಳು ಬಂದದ್ದು ಇದೇ ಫೋನಿಗೆ.

"ಬರ್ತಿದ್ವೋ ಯಪ್ಪಾ" ಎಂದಳು ರೇಣವ್ವ. "ಟಣ್ ಟಣ್ ಅಂತಿತ್ತು. ಇಂಗ್ಲಿಷ್ ನನಗೇನ ತಿಳೀತದ? ಮತ್ತ ಕಳ್ಳರ ಬಂದಾರಂತ ಅಳಿಸಿ ಒಗೀತಿದ್ನಿ." ಅವಳ ತಪ್ಪೇನಿತ್ತು? ಮೋಸ ಹೋದವಳು ಜಾಣಳಾಗಿದ್ದಳು, ಅಷ್ಟೇ. ಕಂಪನಿಯೂ ತನ್ನ ಕರಾರಿನ ಪ್ರಕಾರವೇ ನಡೆದಿತ್ತು. ಬೈಯಲು ಒಬ್ಬರಾದರೂ ಸಿಕ್ಕಿದ್ದರೆ ಎದೆಯ ಭಾರ ಇಳಿಯುತ್ತಿತ್ತು.

ಸುಧೀರ ಅಲ್ಲಿಂದಲೇ ಆಟೋದವರಿಗೆಲ್ಲ ಫೋನ್ ಮಾಡಿದ. ಕೆಲಸ ಮುಗಿದ ಮೇಲೆ ಹಳೆಯ ಜಾಹೀರಾತನ್ನು ಯಾರು ಇಟ್ಟುಕೊಳ್ಳುತ್ತಾರೆ? ಬೇಕಾದಾಗ ಕ್ಲೌಡಿನಿಂದ ಇಳಿಸಿಕೊಂಡರಾಯಿತು ಎಂದು ಅವರೂ ತೆಗೆದುಹಾಕಿದ್ದರು.

ನಾಸೀರ ಕಟ್ಟೆಯ ಮೇಲೆ ಕುಳಿತುಬಿಟ್ಟ. ರೇಣವ್ವ ಅವನ ಮುಂದೆ ನೀರಿನ ತಂಬಿಗೆ ಇಟ್ಟು, ಸಬೀರಾಳನ್ನು ಮೆಲ್ಲಗೆ ಕೇಳಿದಳು: "ಹೆಂಗ ಮಾತಾಡ್ತಿದ್ದ ಯವ್ವಾ, ನಿನ್ನ ಗಂಡ?"

ಸಬೀರಾ ಸೆರಗು ಸರಿಮಾಡಿಕೊಂಡಳು. ತನ್ನ ಸಣ್ಣ ದನಿಯಲ್ಲೇ ಶುರುಮಾಡಿದಳು: "ತಾಯಂದಿರೇ, ಅಕ್ಕತಂಗಿಯರೇ, ಒಂದು ಗಳಿಗೆ ನಿಂತು ಕೇಳಿ..."

ನಾಸೀರ ತಲೆ ಎತ್ತಿದ. ಅಂಗೈ ಕೆಳಮುಖ ಮಾಡಿ, ಸಾವಕಾಶ, ಸಾವಕಾಶ ಎಂದು ಸನ್ನೆ ಮಾಡಿದ. ಅವಳು ನಿಧಾನವಾದಳು. "ಟಿಕೋಟಾದ ತೋಟದ ಒಣದ್ರಾಕ್ಷಿ..." ಈಗ ಅಂಗೈ ಮೇಲ್ಮುಖವಾಗಿ ಏರತೊಡಗಿತು, ದನಿ ಏರಿಸು ಎಂದು. ಅವಳು ಏರಿಸಿದಳು. ಇನ್ನೂ ಏರಿಸು ಎಂದ. ಅದಕ್ಕಿಂತ ಮೇಲೆ ಅವಳ ಸಣ್ಣ ದನಿ ಹತ್ತಲಿಲ್ಲ.

ಮುಂದಿನ ಮಾತು ನನಗೆ ಗೊತ್ತಿತ್ತು, ನಾನೇ ಬರೆದದ್ದು. ನನ್ನಿಂದಲೂ ಆಡಲಾಗಲಿಲ್ಲ. ನಾಸೀರನ ಕೈ ಹಾಗೇ ಮೇಲೆ ನಿಂತಿತ್ತು.