ನಕ್ಷೆಯಲ್ಲಿ ಬರೆಯದೆ ಬಿಟ್ಟದ್ದು

ಕಾಗದ ಹಾರದಿರಲೆಂದು ಮೇಜಿನ ಮೇಲಿಟ್ಟಿದ್ದ ಉಕ್ಕಿನ ಪಿನ್ನು ಇವತ್ತು ಕೈ ತಾಗಿ ಉರುಳಿತು. ಸುಮ್ಮನೆ ಉರುಳಲಿಲ್ಲ, ಕುಂಟುತ್ತ ಉರುಳಿತು. ಗೇಣುದ್ದ, ಬೆರಳು ದಪ್ಪ. ನೀವು ಕೈಯಲ್ಲಿ ಹಿಡಿದು ನೋಡಿದರೆ ನೆಟ್ಟಗಿದೆ ಎಂದೇ ಹೇಳುತ್ತೀರಿ. ಆ ಕುಂಟು ಸದ್ದು ಕೇಳಿದರೆ ನನಗೆ ಮೈ ಉರಿಯುತ್ತದೆ.

ಬಾಲಾನಗರದ ಒಂದು ವರ್ಕ್‌ಶಾಪಿನಲ್ಲಿ ನಾನು ನಕ್ಷೆ ಬರೆಯುವವನು, ಆಗಲೂ ಈಗಲೂ. ಆಗ ಲೇತ್ ನಡೆಸುತ್ತಿದ್ದ ಟರ್ನರು ಗದಗ ಕಡೆಯ ಮಲ್ಲಪ್ಪ. ಮಾಡಿದ ಪ್ರತಿ ಪಿನ್ನನ್ನೂ ಗಾಜಿನ ಮೇಲೆ ಉರುಳಿಸಿ, ಅಡಿಯಲ್ಲಿ ಬೆಳಕು ಇಣುಕುತ್ತದೆಯೇ ಎಂದು ಬಗ್ಗಿ ನೋಡುವುದು ಅವರ ಅಭ್ಯಾಸ. ಪದವಿ ಪಡೆದ ನನಗೆ ಅದು ಗೋಲಿಯಾಟ.

“ಅಳತಿ ಸರಿ ಐತ್ರಿ ಸಾಹೇಬ್ರ, ಆದ್ರ ಡೊಂಕ ಅದಾವ. ನೆಟ್ಟಗಿರಬೇಕಂತ ನಕ್ಷೆದಾಗ ಎಲ್ಲೂ ಬರದಿಲ್ಲಲ್ರಿ?”

“ಮೈಕ್ರೋಮೀಟರ್ ಸರಿ ಅನ್ನಾಕತ್ತೈತಲ್ಲ? ಕಳಿಸಿಬಿಡ್ರಿ.”

“ಬಾಳಿಕಾಯಿನೂ ಎಲ್ಲಿ ಹಿಡದ್ರೂ ಅಷ್ಟ ದಪ್ಪ ಇರತೈತಿ. ಕೊಳವಿಯೊಳಗ ಹೊಗತೈತೇನ್ರಿ?”

ನಾನು ನಕ್ಕೆ.

ಮೈಕ್ರೋಮೀಟರು ಹಿಡಿದ ಜಾಗದ ದಪ್ಪವನ್ನಷ್ಟೇ ಹೇಳುತ್ತದೆ. ನಮ್ಮ ನಕ್ಷೆಗಳ ಪದ್ಧತಿಯಲ್ಲಿ ಅಳತೆ ಬೇರೆ, ಆಕಾರ ಬೇರೆ. ಇಡೀ ಪಿನ್ನು ಗರಿಷ್ಠ ಅಳತೆಯ ನೇರ ಕೊಳವೆಯೊಳಗೆ ಹಿಡಿಯಲೇಬೇಕೆಂದರೆ ಅಳತೆಯ ಪಕ್ಕ ವೃತ್ತದೊಳಗೆ ಇಂಗ್ಲಿಷಿನ ‘ಇ’ ಬರೆಯಬೇಕು. ಬರೆಯದಿದ್ದರೂ ಆ ಅರ್ಥ ಬರುವ ಇನ್ನೊಂದು ಪದ್ಧತಿಯಿದೆ. ನಾನು ಕಾಲೇಜಿನಲ್ಲಿ ಕಲಿತದ್ದು ಅದು. ಹಾಗಾಗಿ ಬರೆಯಲಿಲ್ಲ. ಒಂದೇ ಒಂದು ಅಕ್ಷರ!

ಪಿನ್ನುಗಳು ಗಿರಾಕಿಯ ಯಂತ್ರದ ರಂಧ್ರಕ್ಕೆ ಹೋಗದೆ ಅಷ್ಟೂ ವಾಪಸು ಬಂದವು. ನನ್ನ ಮೇಜಿನ ಮೇಲಿರುವುದು ಅವುಗಳಲ್ಲೊಂದು. ಮ್ಯಾನೇಜರು ನಕ್ಷೆ ಬಿಚ್ಚಲೇ ಇಲ್ಲ. “ಟರ್ನರ್ ಕೌನ್ ಥಾ?” ಎಂದು, ಟರ್ನರ್ ಯಾರಿದ್ದ ಎಂದಷ್ಟೇ ಕೇಳಿದರು. ಆ ವಾರವೇ ಮಲ್ಲಪ್ಪನವರ ಕೆಲಸ ಹೋಯಿತು.

ಅಂದು ನಾನು ಬಾಯಿ ಬಿಡಲಿಲ್ಲ ಎಂದು ಇಷ್ಟು ವರ್ಷ ನಂಬಿದ್ದೆ. ಹೇಡಿ ಎಂದು ನನ್ನನ್ನೇ ಬೈದುಕೊಳ್ಳುವುದರಲ್ಲಿ ಒಂದು ಬಗೆಯ ಸುಖವೂ ಇತ್ತು. ಇವತ್ತು ಆ ವರ್ಷದ ದಿನಚರಿ ತೆಗೆದರೆ, ನನ್ನದೇ ಕೈಬರಹ: “ಮ್ಯಾನೇಜರ್ ಕೇಳಿದರು. ತಪ್ಪು ಟರ್ನರನದೇ ಎಂದೆ.” ಎಂದೆನಂತೆ! ಆಡಿದ ಮಾತನ್ನು ನೆನಪು ಮೌನವೆಂದು ತಿದ್ದಿಟ್ಟುಕೊಂಡಿತ್ತು.

ಸಿಟ್ಟಿನ ಭರದಲ್ಲೇ ಮಲ್ಲಪ್ಪನವರಿಗೆ ಫೋನ್ ಮಾಡಿದೆ. ಈಗ ಉಪ್ಪಲ್‌ನಲ್ಲಿ ಮಗಳ ಮನೆಯಲ್ಲಿದ್ದಾರೆ. ತಪ್ಪು ನನ್ನದು, ನಿಮ್ಮದಲ್ಲ ಎಂದೆ.

“ನನಗ್ಯಾಕ ಹೇಳತೀರಿ? ನನಗ ಅವತ್ತೇ ಗೊತ್ತಿತ್ತು. ಹೇಳೋದಿದ್ರ ಮ್ಯಾನೇಜರಗ ಹೇಳ್ರಿ.”

ಫೋನ್ ಇಟ್ಟುಬಿಟ್ಟರು.

ಮ್ಯಾನೇಜರು ಇನ್ನೂ ಅವರೇ. ನಾಳೆ ಹತ್ತಕ್ಕೆ ಅವರ ಕೋಣೆಯಲ್ಲಿ ಮೀಟಿಂಗ್. ಅವರ ಮೇಜಿಗೆ ಗಾಜು ಹಾಸಿದೆ. ಪಿನ್ನನ್ನು ಚೀಲಕ್ಕೆ ಹಾಕಿಕೊಂಡೆ.